ತಮ್ಮ ಕಾಲೇಜಿಗೆ ಬೇಡ ಎಂದ ಸರ್

ಹೋದ ವಾರ ನಾನು ಕಲಿಸುವ ಕಾಲೇಜಿನ ಪ್ರಯೋಗಶಾಲೆಯ ಬಾಗಿಲು ತೆಗೆದಾಗ ಒಳಗೆಲ್ಲ ರಾಳದ ಹೊಗೆ ತುಂಬಿತ್ತು. ಹಳೆಯ ಮೀಟರುಗಳ ತಂತಿ ಕಿತ್ತುಹೋಗಿವೆಯೆಂದು ನಮ್ಮ ಲ್ಯಾಬ್ ಸಹಾಯಕರು ಮೂಲೆಯ ಟೇಬಲ್ಲಿನಲ್ಲಿ ಕುಳಿತು ಬೆಸುಗೆ ಹಾಕುತ್ತಿದ್ದರು. ಕಾದ ಕಡ್ಡಿಯ ತುದಿ ರಾಳಕ್ಕೆ ತಗುಲಿದಾಗ ಒಂದು ಎಳೆ ಹೊಗೆ ಏಳುತ್ತದೆ. ಊದುಬತ್ತಿಯ ಹಾಗೂ ಇರುವ, ಸುಟ್ಟ ಲೋಹದ ಹಾಗೂ ಇರುವ ಒಂದು ಘಾಟು. “ಮೇಡಂ, ಕಿಡಕಿ ತಗೀಲ್ರಿ?” ಎಂದು ಅವರು ಕೇಳಿದರು. ಬೇಡ ಎಂದೆ. ನನ್ನ ಕುರ್ಚಿ ಎಳೆದುಕೊಂಡು ಸುಮ್ಮನೆ ಕುಳಿತುಬಿಟ್ಟೆ. ಮೈ ಸರಿ ಇಲ್ಲವೇನೋ ಎಂದುಕೊಂಡು ಅವರು ನೀರು ತಂದುಕೊಟ್ಟರು.

ನನಗೆ ಪಿಯುಸಿಯಲ್ಲಿ ಭೌತಶಾಸ್ತ್ರ ಕಲಿಸಿದ ಸರ್ ಅವರ ಅಂಗಿಯ ತೋಳಿಗೆ ಸದಾ ಈ ವಾಸನೆ ಇರುತ್ತಿತ್ತು. ಬನಹಟ್ಟಿಯ ಅಂಚಿನಲ್ಲಿ ಒಂದು ಸಣ್ಣ ಖಾಸಗಿ ಕಾಲೇಜಿತ್ತು. ಪಿಯುಸಿ, ಡಿಗ್ರಿ ಎರಡೂ ಒಂದೇ ಕಟ್ಟಡದಲ್ಲಿ. ಅಲ್ಲಿ ಮೀಟರು ಕೆಟ್ಟರೆ ಹೊಸದು ಬರುತ್ತಿರಲಿಲ್ಲ. ಕೆಟ್ಟದ್ದನ್ನು ಸರ್ ತಮ್ಮ ಚೀಲದಲ್ಲಿ ಹಾಕಿಕೊಂಡು ಹೋಗಿ ಮರುದಿನವೋ ಅದರ ಮರುದಿನವೋ ಸರಿಮಾಡಿ ತರುತ್ತಿದ್ದರು. ಎತ್ತರದ, ಸಣಕಲು ಮನುಷ್ಯ. ಬಾಗಿಲು ದಾಟುವಾಗ ಅಭ್ಯಾಸಕ್ಕೆಂಬಂತೆ ತಲೆ ತಗ್ಗಿಸುತ್ತಿದ್ದರು, ಬಾಗಿಲು ಎಷ್ಟೇ ಎತ್ತರವಿದ್ದರೂ. ದಿನವೂ ಮುಧೋಳದಿಂದ ಬಸ್ಸಿಗೆ ಬರುತ್ತಿದ್ದರು. ಮನೆಯಲ್ಲಿ ಹೆಂಡತಿ, ಆಗಿನ್ನೂ ಅಂಗನವಾಡಿಗೆ ಹೋಗುತ್ತಿದ್ದ ಮಗಳು. ಕೆಲಸ ಮಾತ್ರ ಕಾಯಂ ಅಲ್ಲ. ಪ್ರತಿವರ್ಷ ಬೇಸಿಗೆಯಲ್ಲಿ ಅವರ ಕೆಲಸ ಒಮ್ಮೆ ಮುಗಿಯುತ್ತಿತ್ತು, ಕಾಲೇಜು ಶುರುವಾದ ಮೇಲೆ ಮತ್ತೆ ಹುಟ್ಟುತ್ತಿತ್ತು.

ನಮ್ಮ ಮನೆಯಲ್ಲಿ ಪಾವರ್‌ಲೂಮ್ ಇದ್ದವು, ಸೀರೆ ನೇಯುವ ಮಗ್ಗಗಳು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವು ಬೆಳಗಿನಿಂದ ಸಂಜೆಯವರೆಗೆ ಬಡಿದುಕೊಳ್ಳುತ್ತಿದ್ದವು. ನಾವೆಲ್ಲ ಸ್ವಲ್ಪ ಜೋರಾಗಿಯೇ ಮಾತಾಡಿಕೊಂಡು ಬೆಳೆದವರು. ನನ್ನ ಪಿಯುಸಿ ಫಲಿತಾಂಶ ಚೆನ್ನಾಗಿ ಬಂತು, ಆದರೆ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ರ್‍ಯಾಂಕು ಅಷ್ಟಕ್ಕಷ್ಟೆ. ಆ ರ್‍ಯಾಂಕಿಗೆ ಸೀಟು ಸಿಗುತ್ತಿದ್ದದ್ದು ದೂರದ ಖಾಸಗಿ ಕಾಲೇಜುಗಳಲ್ಲಿ, ದುಬಾರಿ ಫೀಗೆ. ಮನೆಗೆ ಬಂದವರೆಲ್ಲ ಇಂಜಿನಿಯರಿಂಗೇ ಮಾಡಿಸಿ ಎನ್ನುತ್ತಿದ್ದರು. ಅಪ್ಪ ಹೂಂ ಎನ್ನುತ್ತಿದ್ದ, ಇಲ್ಲ ಎನ್ನುತ್ತಿರಲಿಲ್ಲ, ಊಟಕ್ಕೆ ಕುಳಿತಾಗ ಮಾತ್ರ ತಾಟಿನ ಅಂಚಿನಲ್ಲಿ ಬೆರಳಿನಿಂದ ಲೆಕ್ಕ ಹಾಕುತ್ತಿದ್ದ. ನನಗೇನು ಬೇಕಿತ್ತು? ಇಂಜಿನಿಯರಿಂಗ್ ಅಲ್ಲ ಎಂಬುದಷ್ಟು ಗೊತ್ತಿತ್ತು. ವಿದ್ಯುತ್ತು, ಬೆಳಕು, ಅಯಸ್ಕಾಂತ ಇವುಗಳ ಬಗ್ಗೆ ಓದುತ್ತ ಕುಳಿತರೆ ಹೊತ್ತು ಹೋಗುತ್ತಿದ್ದದ್ದೇ ತಿಳಿಯುತ್ತಿರಲಿಲ್ಲ. ಅದಕ್ಕೆ ಮುಂದೆ ಏನು ಹೆಸರು, ಎಲ್ಲಿ ಕಲಿಯಬೇಕು, ಕಲಿತರೆ ಹೊಟ್ಟೆಗೆ ಏನು ಎಂಬುದು ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ಬೇಸಿಗೆ ನಮ್ಮ ಕಾಲೇಜಿನ ಡಿಗ್ರಿ ವಿಜ್ಞಾನ ವಿಭಾಗಕ್ಕೆ ಕಷ್ಟ ಬಂದಿತ್ತು. ಬಿಎಸ್ಸಿಗೆ ಇಂತಿಷ್ಟು ಮಕ್ಕಳು ಸೇರದಿದ್ದರೆ ವಿಭಾಗ ಮುಚ್ಚುತ್ತೇವೆ ಎಂದು ಆಡಳಿತದವರು ಹೇಳಿಬಿಟ್ಟಿದ್ದರು. ಊರಿಗೆಲ್ಲ ಗೊತ್ತಿದ್ದ ವಿಷಯ. ಸರ್ ಪಿಯುಸಿಗೂ ಕಲಿಸುತ್ತಿದ್ದರು, ಆದರೆ ಅವರ ನೇಮಕ ಇದ್ದದ್ದು ಆ ವಿಭಾಗದ ಹೆಸರಿನಲ್ಲೇ. ಸರ್ ಕಾಲೇಜಿನ ಪಾಂಪ್ಲೆಟ್ ಹಿಡಿದುಕೊಂಡು ರಬಕವಿ, ಬನಹಟ್ಟಿ, ತೇರದಾಳ, ಹಿಪ್ಪರಗಿ ಎಂದು ಬಿಸಿಲಲ್ಲಿ ಮನೆಮನೆ ತಿರುಗುತ್ತಿದ್ದರು. ಪಾಠ ಹೇಳುವ ಸರ್ ಹೀಗೆ ತಲೆಗೆ ಟವೆಲ್ ಹಾಕಿಕೊಂಡು ಅಡ್ಡಾಡುವುದನ್ನು ನೋಡಿ ನನಗೆ ಒಂಥರಾ ಸಂಕಟವಾಗಿತ್ತು. ಒಂದು ಮಧ್ಯಾಹ್ನ ಅವರು ನಮ್ಮ ಮನೆಗೂ ಬಂದರು.

ಅಪ್ಪನಿಗೆ ದೇವರೇ ದಾರಿ ತೋರಿಸಿದಂತಾಯಿತು. ಫೀ ಇಲ್ಲವೆನ್ನುವಷ್ಟು ಕಡಿಮೆ. ಹಾಸ್ಟೆಲ್ ಬೇಡ, ಬಸ್ಸೂ ಬೇಡ, ನಡೆದುಕೊಂಡು ಹೋಗಿಬರಬಹುದು. ಅವ್ವ ಮಜ್ಜಿಗೆ ತಂದುಕೊಟ್ಟು ಬಾಗಿಲಲ್ಲೇ ನಿಂತಳು.

“ನಮಗೂ ಅದ ಛಲೋ ಆಕ್ಕೈತ್ರಿ ಸರ,” ಎಂದ ಅಪ್ಪ. “ಇಕಿ ಮನ್ಯಾಗ ಇರ್ತಾಳ, ನೀವು ಕಲಸಾಕ ಇದ್ದ ಇದ್ದೀರಿ. ಇಕಿ ಗೆಳತಿನೂ ಬರ್ತಾಳಂತ. ಅವರಪ್ಪ ನಿನ್ನೇನ ಹೇಳ್ಯಾನ, ನಿಮ್ಮಕಿ ಬಂದ್ರ ನಮ್ಮಕಿನ್ನೂ ಕಳಸ್ತೀವಿ ಅಂತ.”

ಸರ್ ಮುಖ ಅರಳಿತು. ಅದನ್ನು ನಾನು ಕಣ್ಣಾರೆ ಕಂಡೆ. ಒಂದೇ ಮನೆಯಲ್ಲಿ ಇಬ್ಬರು ಸಿಕ್ಕಂತಾಗಿತ್ತು. ಪಾಂಪ್ಲೆಟ್ ತೆಗೆಯಲು ಕೈ ಕಿಸೆಗೆ ಹೋಗಿತ್ತು. ಅಷ್ಟರಲ್ಲಿ ಶೆಡ್ಡಿನಲ್ಲಿ ಒಂದು ಮಗ್ಗ ನಿಂತ ಸದ್ದು ಕೇಳಿ ಅಪ್ಪ ಎದ್ದ. “ಎಳಿ ಹರದಿರಬೇಕ್ರಿ. ಬಲ್ಬ್ ಹತ್ತಿರತೈತಿ, ನೋಡಿ ಬರ್ತೇನಿ,” ಎಂದ.

“ಯಾವ ಬಲ್ಬ್ರಿ?” ಎಂದು ಸರ್ ಕೇಳಿದರು.

ನನ್ನ ಕಡೆ ಕೈ ತೋರಿಸಿ ಅಪ್ಪ ನಕ್ಕ. ಅದು ನನ್ನದೊಂದು ಕಿತಾಪತಿ. ಮಗ್ಗದಲ್ಲಿ ಉದ್ದಕ್ಕೆ ಹಾಸಿರುವ ಎಳೆಗಳಲ್ಲಿ ಒಂದು ಹರಿದರೂ ಸೀರೆಯಲ್ಲಿ ಗೆರೆ ಬೀಳುತ್ತದೆ. ನಮ್ಮವು ಹಳೆಯ ಮಗ್ಗ, ತಾವಾಗಿ ನಿಲ್ಲುತ್ತಿರಲಿಲ್ಲ. ಕಣ್ಣಿಟ್ಟು ಕಾಯಬೇಕಿತ್ತು. ನಾನು ತಗಡಿನ ಸಣ್ಣ ಸಣ್ಣ ಪಟ್ಟಿ ಕತ್ತರಿಸಿ ಎಳೆಗಳ ಮೇಲೆ ತೂಗುಹಾಕಿದ್ದೆ. ಎಳೆ ಹರಿದರೆ ಪಟ್ಟಿ ಕೆಳಗೆ ಬಿದ್ದು ಎರಡು ತಂತಿಗಳನ್ನು ಕೂಡಿಸುತ್ತಿತ್ತು. ಮೊದಲು ಬೆಲ್ ಹಾಕಿದ್ದೆ, ಮಗ್ಗದ ಗದ್ದಲದಲ್ಲಿ ಅದು ಯಾರಿಗೂ ಕೇಳಲಿಲ್ಲ. ಆಮೇಲೆ ಬ್ಯಾಟರಿಗೆ ಕೆಂಪು ಬಲ್ಬು ಸೇರಿಸಿದೆ. ಅದು ಹತ್ತಿದ್ದನ್ನು ಕಂಡರೆ ಅವ್ವನೋ ಅಪ್ಪನೋ ಹೋಗಿ ಮಗ್ಗ ನಿಲ್ಲಿಸುತ್ತಿದ್ದರು. ಅಂದು ಅಜ್ಜಿ ಶೆಡ್ಡಿನಲ್ಲಿದ್ದಳು, ಅವಳೇ ನಿಲ್ಲಿಸಿದ್ದಳು.

ಸರ್ ಶೆಡ್ಡಿಗೆ ಬಂದರು. ಮಗ್ಗದ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಬಿದ್ದ ಪಟ್ಟಿಯನ್ನು ಬೆರಳಿಂದ ಎತ್ತಿ ಬಿಟ್ಟು, ಎತ್ತಿ ಬಿಟ್ಟು ನೋಡಿದರು. ಬಲ್ಬು ಹತ್ತಿತು, ಆರಿತು. “ಯಾರ ಹೇಳಿಕೊಟ್ಟರವಾ?” ಎಂದರು. ಯಾರೂ ಇಲ್ಲ ಎಂದೆ. “ಪಟ್ಟಿಗೆ ತುಕ್ಕು ಹಿಡದ್ರ?” ಎಂದರು. ಉಪ್ಪುಕಾಗದದಿಂದ ತಿಕ್ಕುತ್ತೇನೆ ಎಂದೆ. ಬಹಳ ಹೊತ್ತು ಅಲ್ಲೇ ಕುಳಿತಿದ್ದರು. ಎದ್ದು ಬಂದಾಗ ಮುಖದ ಮೇಲೆ ಮೊದಲಿನ ಸಂತೋಷ ಇರಲಿಲ್ಲ... ನನ್ನಿಂದ ಏನೋ ತಪ್ಪಾಗಿದೆ ಎಂದೇ ನಾನು ತಿಳಿದೆ. ಮಜ್ಜಿಗೆ ಮುಗಿಸಿ, ಪಾಂಪ್ಲೆಟ್ ಕೊಡದೆಯೇ ಹೊರಟುಹೋದರು.

ಮರುದಿನ ಬೆಳಿಗ್ಗೆ ಮತ್ತೆ ಬಂದರು. ಕಟ್ಟೆಯ ಮೇಲೆ ಕುಳಿತು, ಅಪ್ಪ ಏನೂ ಕೇಳುವ ಮೊದಲೇ ಹೇಳಿದರು.

“ಇಕಿನ್ನ ನಮ್ಮ ಕಾಲೇಜಿಗೆ ಹಾಕಬ್ಯಾಡ್ರಿ.”

ಅಪ್ಪನಿಗೆ ಅರ್ಥವಾಗಲಿಲ್ಲ. “ನಿನ್ನೆ ನೀವ ಕರಿಯಾಕ ಬಂದ್ರಿ. ಇವತ್ತ ನೀವ ಬ್ಯಾಡ ಅಂತೀರಿ. ಏನ್ರಿ ಸರ ಇದು?”

“ನಿನ್ನೆ ನನಗ ಗೊತ್ತಿರಲಿಲ್ರಿ. ಮಾರ್ಕ್ಸ್ ಛಲೋ ಅದಾವು ಅನ್ನೂದಷ್ಟ ಗೊತ್ತಿತ್ತು.” ಶೆಡ್ಡಿನ ಕಡೆ ಒಮ್ಮೆ ನೋಡಿ ಮುಂದುವರಿಸಿದರು. “ನಮ್ಮಲ್ಲಿ ರೊಕ್ಕ ಉಳಿತೈತ್ರಿ, ಖರೆ. ಆದ್ರ ಇಕಿಗೆ ಕಲಸಾಕ ನಮ್ಮಲ್ಲಿ ಏನೂ ಇಲ್ಲ. ನಾ ಬಿಎಸ್ಸಿ ಇಂಥಾದ ಕಾಲೇಜಿನ್ಯಾಗ ಮಾಡೀನಿ. ಬೆಳಕು ಅಳಿಯೂ ಮಶೀನ್ ಚಿತ್ರದಾಗ ನೋಡಿ ಪರೀಕ್ಷಾ ಬರದೀನಿ. ಎಂಎಸ್ಸಿಗೆ ಹೋದಾಗ ಬಾಜೂಕಿನ ಹುಡುಗರು ಕಣ್ಣ ಮುಚ್ಚಿ ಮಾಡೂದನ್ನ ನಾ ಕಣ್ಣ ಬಿಟ್ಟ ನೋಡಕೋತ ನಿಂತಿದ್ದೆ. ಆ ಎರಡ ವರ್ಷ ಹಿಂದ ಬಿದ್ದಾಂವ ಆಮ್ಯಾಲ ಮುಂದ ಬರಾಕ ಆಗಲಿಲ್ಲ.”

ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದ ನನಗೆ ಆ ಮಾತಿನ ತೂಕ ಆಗ ತಿಳಿಯಲಿಲ್ಲ. ನಮಗೆಲ್ಲ ಅವರೇ ದೊಡ್ಡವರು. ಅವರು ಎಲ್ಲಿಗೋ ಹೋಗಬೇಕಾಗಿತ್ತು, ಹೋಗಲಾಗಲಿಲ್ಲ ಎಂಬುದು ನಮ್ಮ ಲೆಕ್ಕದಲ್ಲೇ ಇರಲಿಲ್ಲ.

ಹಾಗಾದರೆ ಸಾಲ ಮಾಡಿಯಾದರೂ ಇಂಜಿನಿಯರಿಂಗ್ ಮಾಡಿಸಲೇ ಎಂದು ಅಪ್ಪ ಕೇಳಿದ. ಸರ್ ಅದಕ್ಕೂ ತಲೆ ಅಲ್ಲಾಡಿಸಿದರು. ಕಟ್ಟಡ ನೋಡಿ ರೊಕ್ಕ ಸುರಿಯಬೇಡಿ, ಹುಡುಗಿಗೆ ಏನು ಬೇಕು ಅದನ್ನು ನೋಡಿ ಎಂದರು. ಧಾರವಾಡದಲ್ಲಿ ಒಂದು ಹಳೆಯ ಕಾಲೇಜಿದೆ, ಅಲ್ಲಿ ಬಿಎಸ್ಸಿಗೆ ಫೀ ಬಹಳಿಲ್ಲ, ಉಳಿದುಕೊಳ್ಳುವ, ಉಣ್ಣುವ ಖರ್ಚೇ ಖರ್ಚು. ಸರಕಾರಿ ಹಾಸ್ಟೆಲ್ ಮೊದಲನೇ ವರ್ಷ ಸಿಗಲಿಕ್ಕಿಲ್ಲ, ಆ ಒಂದು ವರ್ಷ ನೀವು ತಡೆದುಕೊಂಡರೆ ಮುಂದೆ ಸ್ಕಾಲರ್‌ಶಿಪ್ಪೂ ಬರುತ್ತದೆ, ಹಾಸ್ಟೆಲ್ಲೂ ಸಿಗುತ್ತದೆ. ಹೀಗೆ ಒಂದೊಂದನ್ನೇ ಬಿಡಿಸಿ ಹೇಳಿದರು. ಕಷ್ಟ ಇಲ್ಲ ಎಂದು ಸುಳ್ಳು ಹೇಳಲಿಲ್ಲ.

ಅವ್ವ ಮಾತ್ರ ಒಪ್ಪಲಿಲ್ಲ. “ಕಣ್ಣಿಗೆ ಕಾಣದ ಊರಿಗೆ ಹೆಣ್ಣ ಹುಡುಗಿನ್ನ ಹೆಂಗ ಕಳಸೂದ್ರಿ?” ಎಂದಳು.

“ಹಂಗಾರ ನೋಡಿ ಬರೂಣ್ರಿ,” ಎಂದರು ಸರ್. “ನಾನೂ ಬರ್ತೇನಿ.”

ನಾನು, ಅಪ್ಪ, ಸರ್ ಮೂವರೂ ಧಾರವಾಡಕ್ಕೆ ಹೋದೆವು. ನಾವು ಬನಹಟ್ಟಿಯಲ್ಲಿ ಬಸ್ಸು ಹತ್ತಿದರೆ ಸರ್ ಮುಧೋಳದಲ್ಲಿ ಹತ್ತಿಕೊಂಡರು. ಅವರ ಹೆಂಡತಿ ಬುತ್ತಿ ಕಟ್ಟಿ ಕೊಟ್ಟಿದ್ದರು, ಜೋಳದ ರೊಟ್ಟಿ, ಶೇಂಗಾ ಚಟ್ನಿ, ನಮ್ಮಿಬ್ಬರಿಗೂ ಸೇರಿಸಿ. ಲೋಕಾಪುರ, ಸವದತ್ತಿ ದಾಟಿ ಧಾರವಾಡ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ರಜೆಯ ದಿನಗಳಾದ್ದರಿಂದ ಕಾಲೇಜು ಖಾಲಿ ಖಾಲಿ ಇತ್ತು. ದೊಡ್ಡ ದೊಡ್ಡ ಮರ, ಕಲ್ಲಿನ ಮೆಟ್ಟಿಲು. ಪ್ರಯೋಗಶಾಲೆಯನ್ನು ಒಮ್ಮೆ ತೋರಿಸಿ ಎಂದು ಸರ್ ಅಲ್ಲಿದ್ದವರನ್ನು ಕೇಳಿಕೊಂಡರು. ಅವರು ಬೀಗ ತೆಗೆದರು.

ಒಳಗೆ ಉದ್ದನೆಯ ಮೇಜುಗಳ ಮೇಲೆ ಬೆಳಕು ಅಳೆಯುವ ಸ್ಪೆಕ್ಟ್ರೋಮೀಟರುಗಳು ಸಾಲಾಗಿ, ಬಟ್ಟೆ ಹೊದ್ದು ಕುಳಿತಿದ್ದವು. ನಮ್ಮ ಕಾಲೇಜಿನಲ್ಲಿ ಇದ್ದದ್ದು ಒಂದೇ, ಅದರ ಗಾಜೂ ಒಡೆದಿತ್ತು. ಸರ್ ಒಂದರ ಬಟ್ಟೆ ಸರಿಸಿ, ತಿರುಪು ತಿರುಗಿಸಿ, ಬಗ್ಗಿ ಕಣ್ಣಿಟ್ಟರು. ದೀಪ ಹತ್ತಿಸಿರಲಿಲ್ಲ, ಒಳಗೆ ಏನೂ ಕಾಣುತ್ತಿರಲಿಲ್ಲ. ಆದರೂ ಬಗ್ಗಿಯೇ ಇದ್ದರು. ಆಮೇಲೆ ಬಟ್ಟೆಯನ್ನು ಹೇಗಿತ್ತೋ ಹಾಗೆಯೇ ಹೊದಿಸಿ, “ಒಬ್ಬೊಬ್ಬರಿಗೆ ಒಂದೊಂದು ಐತವಾ,” ಎಂದರು ನನಗೆ. ಅಷ್ಟೇ ಹೇಳಿದ್ದು.

ಅಪ್ಪ ಯಂತ್ರಗಳನ್ನು ನೋಡಲಿಲ್ಲ. ಅವನು ಸರ್ ಅವರನ್ನೇ ನೋಡುತ್ತಿದ್ದ.

ವಾಪಸು ಬರುವಾಗ ಬಸ್ಸಿನಲ್ಲಿ ಅವರಿಬ್ಬರೂ ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಸವದತ್ತಿ ದಾಟಿದ ಮೇಲೆ ಅಪ್ಪ ಕೇಳಿದ, “ಸರ, ಮಂದಿ ಬರದಿದ್ರ ನಿಮ್ಮ ವಿಭಾಗ ಮುಚ್ಚತಾರಂತಲ್ರಿ. ಇಕಿ ಬರದಿದ್ರ ಇಕಿ ಗೆಳತಿನೂ ಬರೂದಿಲ್ಲ. ನಿಮ್ಮ ಕೆಲಸದ ಗತಿ ಏನ್ರಿ?”

“ಅದು ಕಾಲೇಜಿನ ಚಿಂತಿರಿ. ಇಕಿ ನಿಮ್ಮ ಮಗಳು.”

“ನಿಮಗೂ ಒಬ್ಬ ಮಗಳ ಅದಾಳ್ರಿ.”

ಸರ್ ಕಿಟಕಿಯ ಕಡೆ ತಿರುಗಿದರು. ಮುಧೋಳದಲ್ಲಿ ಅವರು ಇಳಿದುಹೋದ ಮೇಲೆ ಅಪ್ಪ ನನ್ನ ಪಕ್ಕಕ್ಕೆ ಬಂದು ಕುಳಿತು, “ನೀ ಧಾರವಾಡಕ್ಕ ಹೋಗು,” ಎಂದ. ಆ ವರ್ಷ ಹಳೆಯ ಮಗ್ಗ ತೆಗೆದು ಹೊಸದು ಹಾಕುವ ಯೋಚನೆ ಇತ್ತು ಅವನಿಗೆ. ಅದರ ಮಾತನ್ನು ಮತ್ತೆ ಎತ್ತಲಿಲ್ಲ.

ನಾನು ಇಲ್ಲವೆಂದಾದ ಮೇಲೆ ಗೆಳತಿಯ ಮನೆಯವರು ಹಿಂದೆ ಸರಿದರು. ಸರ್ ಆ ಮನೆಗೆ ಮತ್ತೆ ಮತ್ತೆ ಹೋಗಿ ಕೇಳಿಕೊಂಡರಂತೆ. ಅವಳನ್ನಾದರೂ ಕಳಿಸಿ, ನಾನು ನೋಡಿಕೊಳ್ಳುತ್ತೇನೆ ಎಂದರಂತೆ. ಒಬ್ಬಳೇ ಹುಡುಗಿಯನ್ನು ಹುಡುಗರ ಕ್ಲಾಸಿಗೆ ಕಳಿಸುವುದಿಲ್ಲ ಎಂದುಬಿಟ್ಟ ಅವಳಪ್ಪ. ಅವಳು ಅದೇ ಕಾಲೇಜಿನಲ್ಲಿ ಬಿಎಗೆ ಸೇರಿದಳು. ರಸಾಯನಶಾಸ್ತ್ರದಲ್ಲಿ ನನಗಿಂತ ಜಾಣೆ ಅವಳು. ನನ್ನ ಸಾಮಾನು ಕಟ್ಟಲು ಬಂದಿದ್ದಾಗ ನಗುತ್ತಲೇ ಕೆಲಸ ಮಾಡಿದಳು, ಹೋಗುವಾಗ ಲ್ಯಾಬಿನ ಲೆಕ್ಕಕ್ಕೆ ಬೇಕಾಗುವ ತನ್ನ ಲಾಗ್ ಪುಸ್ತಕ ನನಗೇ ಕೊಟ್ಟು ಹೋದಳು. “ನನಗಿನ್ನ ಬೇಕಾಗಿಲ್ಲೇ,” ಎಂದಳು.

ದಸರಾ ರಜೆಗೆ ಊರಿಗೆ ಬಂದಾಗ ಅವಳೇ ಹೇಳಿದ್ದು. ವಿಜ್ಞಾನ ವಿಭಾಗ ಮುಚ್ಚಿತ್ತು. ಸೇರಿದ್ದ ನಾಲ್ಕಾರು ಹುಡುಗರನ್ನು ಜಮಖಂಡಿಗೆ ಕಳಿಸಿದ್ದರು. ಸರ್ ಅವರಿಗೆ ಆ ವರ್ಷ ಮತ್ತೆ ನೇಮಕದ ಆದೇಶ ಬರಲೇ ಇಲ್ಲ.

ಮರುದಿನವೇ ಮುಧೋಳಕ್ಕೆ ಹೋದೆ. ಎರಡು ಕೋಣೆಯ ಬಾಡಿಗೆ ಮನೆ. ಸರ್ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಯಾರದೋ ರೇಡಿಯೊ ರಿಪೇರಿ ಮಾಡುತ್ತಿದ್ದರು. ನನ್ನ ಮುಖ ನೋಡುತ್ತಲೇ ತಿಳಿದಿರಬೇಕು. “ಅದು ಹೆಂಗೂ ಮುಚ್ಚೂದಿತ್ತವಾ. ನೀ ಬಂದಿದ್ರೂ ಮುಚ್ಚತಿದ್ರು. ತಲ್ಯಾಗ ಇಟಗೋಬ್ಯಾಡ,” ಎಂದರು. ಆಮೇಲೆ ಧಾರವಾಡದಲ್ಲಿ ಯಾವ ಯಾವ ಪ್ರಯೋಗ ಆದವು, ಯಾವುದರಲ್ಲಿ ತಪ್ಪು ಬಂತು ಎಂದು ಕೇಳುತ್ತ ಕುಳಿತರು. ಒಂದೊಂದಕ್ಕೂ ಕಣ್ಣು ಅಗಲ ಮಾಡುತ್ತಿದ್ದರು. ಅವರ ಹೆಂಡತಿ ಚಹಾ ಕೊಟ್ಟು, ನನ್ನ ಮಾತು ಮುಗಿಯುವವರೆಗೂ ಒಳಗೇ ಇದ್ದರು.

ಮುಚ್ಚುವುದೇ ಇತ್ತು ಎಂದು ಅವರು ಹೇಳಿದ್ದು ಖರೆಯೋ, ನನಗೆ ನೋವಾಗಬಾರದೆಂದು ಹೇಳಿದ್ದೋ... ಇಂದಿಗೂ ನನಗೆ ಗೊತ್ತಿಲ್ಲ.

ಒಂದಷ್ಟು ದಿನ ಟ್ಯೂಷನ್ ಹೇಳಿದರು. ಆಮೇಲೆ ಮುಧೋಳದ ಹೊರಗಿನ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಕಬ್ಬು ನುರಿಸುವ ಹಂಗಾಮಿಗೆ ಮಾತ್ರ ಕೆಲಸ, ಪಾಳಿಯ ಮೇಲೆ. ಬಿಎಸ್ಸಿ ಕೊನೆಯ ವರ್ಷದ ರಜೆಯಲ್ಲಿ ನಾನು ಅಲ್ಲಿಗೂ ಹೋಗಿದ್ದೆ. ಗೇಟಿನಿಂದಾಚೆಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಗಾಳಿಯಲ್ಲಿ ಹುಳಿಬೆಲ್ಲದಂಥ ವಾಸನೆ. ಸರ್ ಮತ್ತಷ್ಟು ಸಣ್ಣಗಾಗಿದ್ದರು. ಆದರೆ ನನ್ನನ್ನು ನೋಡಿ ಎಷ್ಟು ಸಂಭ್ರಮ! ಲ್ಯಾಬಿನೊಳಗೆ ಕರೆದುಕೊಂಡು ಹೋಗಿ ಉದ್ದನೆಯ ಗಾಜಿನ ಕೊಳವೆಯಲ್ಲಿ ತಿಳಿಯಾದ ಕಬ್ಬಿನ ಹಾಲು ತುಂಬಿ, ಪೋಲಾರಿಮೀಟರಿನಲ್ಲಿಟ್ಟು, ನೋಡು ಎಂದರು. ಕಣ್ಣಿಟ್ಟೆ. ಬೆಳಕಿನ ವೃತ್ತ, ಅರ್ಧ ಕತ್ತಲೆ, ಅರ್ಧ ಬೆಳಕು.

“ಸಕ್ರಿ ಎಷ್ಟೈತಿ ಅನ್ನೂದನ್ನ ಬೆಳಕ ಹೇಳತೈತಿ ನೋಡು. ಹಾಲಿನ್ಯಾಗ ಹಾದು ಬರೂವಾಗ ಇಷ್ಟ ತಿರಗತೈತಿ,” ಎಂದು ಅಂಗೈ ಓರೆ ಮಾಡಿ ತೋರಿಸಿದರು. “ಇಲ್ಲಿ ಯಾರಿಗರ ಹೇಳಿದ್ರ, ನಂಬರ್ ಎಷ್ಟ ಬಂತು ಅಷ್ಟ ಬರೀರಿ ಅಂತಾರ.”

ಹೇಳುತ್ತ ನಕ್ಕರು. ನನಗೆ ನಗಲಾಗಲಿಲ್ಲ. ಪಾಠ ಹೇಳುವ ಮನುಷ್ಯನಿಗೆ ಕೇಳುವವರೇ ಇಲ್ಲದೆ ಹೋದರೆ ಹೇಗಿರುತ್ತದೆ ಎಂದು ಆ ದಿನ ಮೊದಲ ಬಾರಿಗೆ ಕಂಡೆ. ಬಸ್ ಸ್ಟಾಪಿನವರೆಗೂ ಬಂದು ಕಳಿಸಿದರು. ಎಂಎಸ್ಸಿ ಬಿಡಬೇಡ ಎಂದರು. ಅದೇ ಕೊನೆಯ ಭೇಟಿ.

ನಾನು ಎಂಎಸ್ಸಿ ಎರಡನೇ ವರ್ಷದಲ್ಲಿದ್ದಾಗ ಗೆಳತಿಯ ಫೋನ್ ಬಂತು. ರಾತ್ರಿ ಪಾಳಿ ಮುಗಿಸಿ ಸರ್ ನಸುಕಿನಲ್ಲಿ ಬೈಕಿನ ಮೇಲೆ ಮನೆಗೆ ಬರುತ್ತಿದ್ದರಂತೆ. ಚಳಿಗಾಲ, ಮಂಜು. ರಸ್ತೆಯ ಬದಿಗೆ ಕಬ್ಬು ತುಂಬಿದ ಟ್ರೇಲರ್ ಕೆಟ್ಟು ನಿಂತಿತ್ತಂತೆ, ಹಿಂದೆ ದೀಪವಿಲ್ಲದೆ...

ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮನೆಯ ಮುಂದೆ ಶಾಮಿಯಾನ ಬಿಚ್ಚುತ್ತಿದ್ದರು. ಶಾಲೆಯ ಯೂನಿಫಾರ್ಮಿನಲ್ಲಿದ್ದ ಮಗಳು ಬಂದವರಿಗೆಲ್ಲ ನೀರು ಕೊಡುತ್ತಿದ್ದಳು, ಯಾರೋ ಹೇಳಿದ್ದರಂತೆ. ಅವರ ಹೆಂಡತಿ ನನ್ನನ್ನು ನೋಡಿದರು. ನಾನು ಕೈ ಹಿಡಿದುಕೊಂಡೆ. ಅವರು ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

ನಾನೀಗ ಜಮಖಂಡಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಪ್ರತಿ ಬೇಸಿಗೆಯಲ್ಲೂ ಬೀಳಗಿ ಕಡೆಯಿಂದ, ಹಿಪ್ಪರಗಿ ಕಡೆಯಿಂದ ತಂದೆ ತಾಯಿ ಮಕ್ಕಳನ್ನು ಕರೆದುಕೊಂಡು ಬಂದು, ಎಲ್ಲಿ ಹಾಕಬೇಕ್ರಿ ಮೇಡಂ, ಎಷ್ಟು ಖರ್ಚು ಬರತೈತ್ರಿ ಎಂದು ಕೇಳುತ್ತಾರೆ. ತಿಳಿದಷ್ಟು ಹೇಳುತ್ತೇನೆ. ಸರ್ ಅವರ ಹೆಂಡತಿಗೆ ಆಗಾಗ ಫೋನ್ ಮಾಡುತ್ತಿದ್ದೆ, ಹಬ್ಬಕ್ಕೆ ಹೋಗಿ ಬರುತ್ತಿದ್ದೆ. ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡಿಕೊಂಡು ಮಗಳನ್ನು ಓದಿಸಿದ್ದಾರೆ. ನಾನು ಏನಾದರೂ ಕೊಡಲು ಹೋದರೆ ತೆಗೆದುಕೊಂಡವರಲ್ಲ. ಮಗಳು ಈ ವರ್ಷ ಪಿಯುಸಿ ಮುಗಿಸಿದಳು. ಹೋದ ವಾರ ಪ್ರಯೋಗಶಾಲೆಯಿಂದ ಎದ್ದು ಬಂದ ಸಂಜೆ, ಅದು ನೆನಪಾಗಿ ಫೋನ್ ಮಾಡಿದೆ. ಗಣಿತದಲ್ಲಿ ನೂರಕ್ಕೆ ನೂರು ಬಂದಿದೆ ಎಂದಳು. ಭಾನುವಾರ ಬೆಳಿಗ್ಗೆಯೇ ಮುಧೋಳದ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ಧಾರವಾಡದ ಅದೇ ಕಾಲೇಜು. ಹಾಸ್ಟೆಲ್ ನಾನು ನೋಡಿಕೊಳ್ಳುತ್ತೇನೆ, ಮೊದಲನೇ ವರ್ಷದ ಖರ್ಚು ನನ್ನದು. ಎಲ್ಲವನ್ನೂ ಹೇಳಿದೆ. ಅವರು ಅಡ್ಡ ಮಾತಾಡದೆ ಕೇಳಿದರು.

“ಇಲ್ಲೇ ಬಿಕಾಂಗೆ ಹಚ್ಚೀನ್ರಿ. ಅಡ್ಮಿಶನ್ ಆತು,” ಎಂದರು.

“ಗಣಿತ ಇಷ್ಟ ಛಲೋ ಐತ್ರಿ ಅಕ್ಕಾರ. ಬಿಕಾಂ ಮಾಡೂ ಹುಡುಗಿ ಅಲ್ರಿ ಇಕಿ. ಸರ್ ಇದ್ದಿದ್ರ...”

ಅಷ್ಟಕ್ಕೆ ಅವರು ತಲೆ ಎತ್ತಿದರು. ದನಿಯಲ್ಲಿ ಸಿಟ್ಟಿರಲಿಲ್ಲ. “ಅವರು ಇದ್ದಿದ್ರ ಕಳಸತಿದ್ರು. ನನಗ ಗೊತ್ತೈತ್ರಿ. ನಿಮ್ಮ ಜೋಡಿ ಧಾರವಾಡಕ್ಕ ಹೋಗಿ ಬಂದ ದಿನ ನಾ ಕೇಳಿದ್ದೆ, ನಮ್ಮ ಗತಿ ಏನು ಅಂತ. ಆ ಹುಡುಗಿ ಮಾಡಿದ್ದನ್ನ ನೀ ನೋಡಬೇಕಾಗಿತ್ತು ಅಂದ್ರು. ಬ್ಯಾರೆ ಮಾತ ಆಡಲಿಲ್ಲ.” ಸೆರಗಿನಿಂದ ಮುಖ ಒರೆಸಿಕೊಂಡರು. “ನೀವು ಛಲೋ ಆದ್ರಿ, ನನಗೂ ಸಂತೋಷ ಐತ್ರಿ, ಖರೇನ. ಆದ್ರ ಒಬ್ಬರು ಹಂಗ ಬದುಕಿದ್ದ ನಮ್ಮ ಮನಿಗೆ ಸಾಕ್ರಿ. ಇಕಿ ಸಂಜೀಕ ಮನಿಗೆ ಬರಬೇಕು. ಅಷ್ಟ ನನಗ ಬೇಕಾಗಿದ್ದು.”

ಮಗಳ ಕಡೆ ನೋಡಿದೆ. ಅವಳು ಅವ್ವನ ಕಡೆ ನೋಡಿ, “ನಾ ಇಲ್ಲೇ ಹೊಕ್ಕೀನ್ರಿ ಅಕ್ಕಾ,” ಎಂದಳು.

ಅಂದು ನಮ್ಮಪ್ಪ ಸರ್ ಮಾತಿಗೆ ಒಪ್ಪಿದ್ದು, ಅವರು ತಮ್ಮ ಅನ್ನವನ್ನು ಪಕ್ಕಕ್ಕಿಟ್ಟು ಮಾತಾಡಿದರು ಎಂದು. ನಾನು ತಿಂಗಳ ಸಂಬಳದಲ್ಲಿ ಒಂದಿಷ್ಟು ಕೊಡುತ್ತೇನೆ ಎಂದು ಬಂದವಳು. ಆ ಮನೆಯವರು ಕೊಟ್ಟದ್ದರ ಮುಂದೆ ಅದು ಯಾವ ಲೆಕ್ಕ. ಚಹಾ ಕುಡಿದು ಎದ್ದೆ.

ಬಸ್ ನಿಲ್ದಾಣದವರೆಗೆ ಮಗಳು ಬಂದಳು. ಅರ್ಧ ದಾರಿಗೆ ಬಂದಾಗ ಅವಳೇ ಕೇಳಿದಳು.

“ಅಕ್ಕಾ, ಅಪ್ಪ ಹೆಂಗ ಕಲಸತಿದ್ರು? ನನಗ ಅವರು ಕಾರ್ಖಾನಿಗೆ ಹೋಗೂದಷ್ಟ ನೆನಪೈತಿ. ಮಾಸ್ತರ್ ಇದ್ರು ಅಂತ ಅವ್ವ ಹೇಳತಾಳ. ನಾ ನೋಡೇ ಇಲ್ರಿ.”

ನಿಲ್ದಾಣದ ಕಟ್ಟೆಯ ಮೇಲೆ ಅವಳನ್ನು ಕೂರಿಸಿಕೊಂಡು ಹೇಳತೊಡಗಿದೆ. ನಮ್ಮ ತರಗತಿಯ ಗೋಡೆಯಾಚೆ ಯಾರದೋ ಎರಡು ಮಗ್ಗ ನಡೆಯುತ್ತಿದ್ದವು. ಒಂದು ದಿನ ಸರ್ ಪಾಠ ನಿಲ್ಲಿಸಿ, ಎಲ್ಲರೂ ಕಣ್ಣು ಮುಚ್ಚಿ ಕೇಳಿ ಎಂದರು. ಎರಡೂ ಮಗ್ಗ ಒಂದೇ ವೇಗದಲ್ಲಿಲ್ಲ, ಒಂದು ಕೂದಲೆಳೆಯಷ್ಟು ಮುಂದು. ಬೇರೆ ಬೇರೆ ಬಡಿಯುತ್ತ ಬಡಿಯುತ್ತ ಸದ್ದುಗಳು ಹತ್ತಿರ ಹತ್ತಿರ ಬಂದು, ಒಮ್ಮೆ ಎರಡೂ ಕೂಡಿ ಒಂದೇ ಪೆಟ್ಟಾಗಿ ಗೋಡೆ ನಡುಗುವಂತೆ ಬಡಿಯುತ್ತವೆ, ಮತ್ತೆ ಮೆಲ್ಲಗೆ ಬೇರೆಯಾಗುತ್ತವೆ. ಹುಟ್ಟಿದಾಗಿನಿಂದ ಮಗ್ಗದ ಸದ್ದು ಕೇಳಿದ ನಾವು ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಯಾವಾಗ ಕೂಡುತ್ತವೋ ಆಗ ಕೈ ಎತ್ತಿ ಎಂದರು ಸರ್. ಇಡೀ ತರಗತಿ ಕಣ್ಣು ಮುಚ್ಚಿ ಕುಳಿತಿತ್ತು, ಸಂತೆಯಂತೆ ಗದ್ದಲ ಮಾಡುವ ಹುಡುಗರೂ ಉಸಿರು ಬಿಗಿಹಿಡಿದಿದ್ದರು...

“ಆಮ್ಯಾಲ್ರಿ?” ಎಂದಳು ಹುಡುಗಿ. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

ಅಷ್ಟರಲ್ಲಿ ಜಮಖಂಡಿಯ ಬಸ್ಸು ಬಂತು. ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತೇನೆ ಎಂದೆ. ಅವಳು ಬೇಡ ಎಂದಳು. ಅವ್ವ ಅಂಗಡಿಗೆ ಹೋಗುವ ಹೊತ್ತಾಯಿತು, ಮನೆಗೆ ಹೋಗಬೇಕು ಎಂದಳು. ನಾನು ಹತ್ತಿ ಕಿಟಕಿಯ ಬಳಿ ಕುಳಿತೆ. ಅವಳು ಕೈ ಬೀಸಿ, ತಿರುಗಿ, ಅಪ್ಪನಿಲ್ಲದ ಆ ಮನೆಯ ಕಡೆಗೆ ಬೇಗ ಬೇಗ ನಡೆದುಹೋದಳು.